ಮೋಸೆಸ್ ವಿಲಿಯಮ್ಸ್ ಕತ್ತರಿಸಿದ ಮುಖಗಳನ್ನು ಹುಡುಕಿ ಫಿಲಡೆಲ್ಫಿಯಾಕ್ಕೆ

ಫಿಲಡೆಲ್ಫಿಯಾಕ್ಕೆ ಹೋದವರೆಲ್ಲ ಇಂಡಿಪೆಂಡೆನ್ಸ್ ಹಾಲ್ ನೋಡುತ್ತಾರೆ. ಅದರ ಮಹಡಿಯಲ್ಲಿ 1802ರಿಂದ ಚಿತ್ರಕಾರ ಚಾರ್ಲ್ಸ್ ವಿಲ್ಸನ್ ಪೀಲ್ ಅವರ ಮ್ಯೂಸಿಯಂ ಇತ್ತು. ಹಳೆಯ ಕಾಗದದ ಸಿಲೂಯೆಟ್, ಅಂದರೆ ಪಕ್ಕದಿಂದ ಕಂಡ ಮುಖದ ನೆರಳಿನಂಥ ಚಿತ್ರ, ಕೂಡಿಡುವವರಿಗೆ ಆ ಕಟ್ಟಡ ಮುಖ್ಯವಾಗುವುದು ಇದೇ ಕಾರಣಕ್ಕೆ.

ಅಲ್ಲಿ ಫಿಸಿಯೊನೊಟ್ರೇಸ್ ಎಂಬ ಯಂತ್ರವಿತ್ತು. ಕುಳಿತವರ ಮುಖದ ಅಂಚಿನ ಮೇಲೆ ಸಣ್ಣ ಹಿತ್ತಾಳೆ ಕಡ್ಡಿ ಹರಿದರೆ, ಇನ್ನೊಂದು ತುದಿಯ ಮೊಳೆ ಅದೇ ಗೆರೆಯನ್ನು ಎರಡು ಇಂಚಿನೊಳಗೆ ಕುಗ್ಗಿಸಿ, ನಾಲ್ಕು ಪದರ ಮಡಚಿದ ಬಿಳಿ ಕಾಗದದಲ್ಲಿ ಒತ್ತುತ್ತಿತ್ತು. ಆಮೇಲಿನದು ಕತ್ತರಿಯ ಕೆಲಸ. ಒಳಗಿನ ತಲೆ ಉದುರುತ್ತದೆ, ಉಳಿದ ಖಾಲಿ ಜಾಗದ ಹಿಂದೆ ಕಪ್ಪು ಕಾಗದವನ್ನೋ ಬಟ್ಟೆಯನ್ನೋ ಇಟ್ಟರೆ ಮುಖ ಮೂಡುತ್ತದೆ. ನಾಲ್ಕು ಪ್ರತಿಗೆ 8 ಸೆಂಟ್.

ಕತ್ತರಿಸುತ್ತಿದ್ದವರು ಮೋಸೆಸ್ ವಿಲಿಯಮ್ಸ್. ಪೀಲ್ ಮನೆಯಲ್ಲೇ ಗುಲಾಮರಾಗಿ ಬೆಳೆದು, ಈ ಕೆಲಸ ಶುರುವಾಗುವ ಹೊತ್ತಿಗೆ ಬಿಡುಗಡೆ ಪಡೆದವರು. ಮೊದಲ ವರ್ಷವೇ 8,000ಕ್ಕೂ ಹೆಚ್ಚು ಮುಖ ಕತ್ತರಿಸಿದರು, ಆ ಗಳಿಕೆಯಲ್ಲಿ ಎರಡಂತಸ್ತಿನ ಮನೆ ಕೊಂಡರು. ಕಾಗದದ ಮೇಲೆ ಒತ್ತಿದ ಉಬ್ಬುಮುದ್ರೆಯಲ್ಲಿ ಮಾತ್ರ ಮ್ಯೂಸಿಯಂ ಹೆಸರಷ್ಟೇ ಇದೆ. ಅವರದೇ ಸಿಲೂಯೆಟ್, 'ಮುಖ ಕತ್ತರಿಸುವವರು' ಎಂಬ ಬರಹದೊಡನೆ, ಲೋಕಸ್ಟ್ ರಸ್ತೆಯ ಲೈಬ್ರರಿ ಕಂಪನಿ ಎಂಬ ಹಳೆಯ ಗ್ರಂಥಾಲಯದ ಸಂಗ್ರಹದಲ್ಲಿದೆ. ಮೂಲ ನೋಡಬೇಕೆಂದರೆ ಮೊದಲೇ ಬರೆದು ಸಮಯ ಕೇಳಿಕೊಳ್ಳಿ.

ಕೊಳ್ಳಬೇಕೆಂದರೆ, ಭಾನುವಾರ ಪೆನ್ಸಿಲ್ವೇನಿಯಾದ ಆಡಮ್ಸ್‌ಟೌನ್ ಎಂಬ ಊರಿನಲ್ಲಿ ಹಳೆ ಸಾಮಾನುಗಳ ಸಂತೆ. ಕಾರಿಲ್ಲದೆ ಹೋಗುವುದು ಕಷ್ಟ. ಅಲ್ಲೊಬ್ಬ ಹಿರಿಯ ವ್ಯಾಪಾರಿ ಒಂದು ಸಿಲೂಯೆಟ್ ಮುಂದಿಟ್ಟು, ಭೂತಗನ್ನಡಿ ಕೊಟ್ಟು, "ಮೂಗಿನ ಬುಡ, ತುಟಿ, ಈ ತಿರುವುಗಳನ್ನು ನೋಡಿ" ಎಂದರು. "ಕತ್ತರಿ ಎಲ್ಲೂ ನಿಂತಿಲ್ಲ. ಕೈ ಪಳಗಿದವನು ಕತ್ತರಿ ತಿರುಗಿಸಲ್ಲ, ಕಾಗದ ತಿರುಗಿಸುತ್ತಾನೆ." ಅಂಚಿನ ಪಕ್ಕದಲ್ಲೇ ಮೊಳೆಯ ಒತ್ತುಗೆರೆ ಒಂದು ಕೂದಲಿನಷ್ಟು ಉಳಿದಿತ್ತು. ನಕಲು ಮಾಡುವವರಿಗೆ ಈ ಗೆರೆ ನೆನಪಾಗುವುದು ಕಡಿಮೆ. ಉಬ್ಬುಮುದ್ರೆಯನ್ನಂತೂ ಧಾರಾಳವಾಗಿ ನಕಲು ಮಾಡಿದ್ದಾರೆ, ಅದೊಂದನ್ನೇ ನಂಬಿ ದುಡ್ಡು ಕೊಡಬಾರದು.

ಇನ್ನೊಂದು ಮಳಿಗೆಯಲ್ಲಿ ಚೌಕಟ್ಟಿನ ಬೆನ್ನಿಗೆ ಹೊಸ ಕಾಗದ ಅಂಟಿಸಿ, ಬಿಚ್ಚಲು ಬಿಡುವುದಿಲ್ಲವೆಂದರು. ನೂರಾರು ಡಾಲರ್ ಕೇಳುವವರು ಹಿಂಬದಿ ತೋರಿಸದಿರುವುದು ನ್ಯಾಯವಲ್ಲ. ಬಿಚ್ಚಿದರೆ ತಾನೇ ಕಾಗದಕ್ಕೆ ನೇರಳಾತೀತ ಟಾರ್ಚ್ ಹಿಡಿಯಲು ಆಗುವುದು? ಬಿಳಿ-ನೀಲಿಯಾಗಿ ಝಗ್ಗನೆ ಹೊಳೆದರೆ ಅದು 20ನೇ ಶತಮಾನದ ನಡುವಿನ ನಂತರದ ಕಾಗದ. ಹಿಂದಿನ ಕಪ್ಪು ಬಟ್ಟೆ ಬದಲಾಗಿದ್ದರೆ ಚಿಂತೆಯಿಲ್ಲ, ಬೆಲೆ ಇಳಿಸಿ ಕೇಳಬಹುದು. ಚೌಕಟ್ಟಿನ ಹಿಂಬದಿಯ ಮರದ ಹಲಗೆಯ ಆಮ್ಲದಿಂದ ಕಾಗದ ಕಂದಾಗಿ ಮಡಿಕೆಯಲ್ಲಿ ಮುರಿಯುತ್ತಿದ್ದರೆ ಬಿಡುವುದೇ ಮೇಲು.

ಅಲೆಅಲೆಯಾದ ಹಳೇ ಗಾಜಿಗೂ ಬೆಲೆಯಿದೆ, ಎಸೆಯಬೇಡಿ. ಪ್ರಯಾಣಕ್ಕೆ ಅದರ ಮೇಲೆ ಅಡ್ಡಾದಿಡ್ಡಿ ಟೇಪ್ ಹಾಕಿ, ಗಾಜು ಒಡೆದರೂ ಚೂರುಗಳು ಕಾಗದ ಕೊಯ್ಯುವುದಿಲ್ಲ. ಟೇಪ್ ಚೌಕಟ್ಟಿನ ಬಣ್ಣಕ್ಕೆ ತಾಗಬಾರದು. ವಿಮಾನದಲ್ಲಿ ಕೈಚೀಲದಲ್ಲೇ ಇರಲಿ. ಬಿಲ್ಲಿನಲ್ಲಿ 'ಪೀಲ್ ಮ್ಯೂಸಿಯಂನದು, ಅಲ್ಲವಾದರೆ ಹಣ ವಾಪಸ್' ಎಂದು ಬರೆಸಿಕೊಳ್ಳಿ.