ಬರೆದಿಟ್ಟ ಮಗ್ಗುಲು

ಮಂಗಳವಾರ ಬೆಳಿಗ್ಗೆ 11:20. ಮಂಚದ ಕಾಲ್ದೆಸೆಗೆ ತೂಗುಹಾಕಿದ ಚಾರ್ಟಿನಲ್ಲಿ 12 ಗಂಟೆಯ ಎದುರು "ಎಡ", 2 ಗಂಟೆಯ ಎದುರು "ಬಲ" ಎಂದು ಆಗಲೇ ಬರೆದಿತ್ತು. ಒಂದೇ ನೀಲಿ ಪೆನ್ನು, ಒಂದೇ ಕೈಬರಹ. ಅಜ್ಜಿ ಮಾತ್ರ ಅಂಗಾತ ಮಲಗಿದ್ದರು.

ಬೆಂಗಳೂರಿನ ಅಂಚಿನಲ್ಲಿರುವ ಹಿರಿಯರ ಆರೈಕೆ ಕೇಂದ್ರ ಅದು. ಕೆಳಗೆ ತುಳಸಿಕಟ್ಟೆ, ದೊಡ್ಡ ಟಿ.ವಿ., ಫಿನಾಯಿಲ್ ವಾಸನೆಯ ನೆಲ. ಭಾನುವಾರ ಬರುವ ಮಕ್ಕಳಿಗೆ ಕಾಣುವುದು ಇಷ್ಟು. ಆವತ್ತು ತಲೆ ಬಾಚಿ, ಪೌಡರ್ ಹಚ್ಚಿ, ಕುರ್ಚಿಯಲ್ಲಿ ಕೂರಿಸಿರುತ್ತಾರೆ. ಹೊರಳದೆ ಒಂದೇ ಕಡೆ ಒತ್ತಿ ಮಲಗಿ ಆಗುವ ಹುಣ್ಣಿರುವುದು ಕೂತ ಜಾಗದಲ್ಲೇ, ಅವರನ್ನು ಎಬ್ಬಿಸಿ ಅದನ್ನು ಯಾರೂ ನೋಡುವುದಿಲ್ಲ. ಹಿರಿಯರ ಮೇಲಿನ ದೌರ್ಜನ್ಯ ಅಂದರೆ ಹೊಡೆತ, ಬೈಗುಳ ಎಂದೇ ನಮ್ಮ ಕಲ್ಪನೆ. ಅದೂ ಇದೆ. ಆದರೆ ಹೆಚ್ಚಿನ ಕಡೆ ಕೈ ಎತ್ತುವವರಿಗಿಂತ ಕೈ ಸಾಲದಿರುವುದೇ ದೊಡ್ಡ ತೊಂದರೆ.

ಮೇಲಿನ ಮಹಡಿಯಲ್ಲಿ ಎದ್ದು ಕೂರಲಾಗದವರು ಹದಿನೆಂಟು ಮಂದಿ. ಹಗಲು ಇಬ್ಬರು ಆಯಾಗಳು, ರಾತ್ರಿ ಒಬ್ಬರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಡೈಪರ್ ನೋಡಿ, ಒರೆಸಿ, ಇಬ್ಬರು ಸೇರಿ ಹೊರಳಿಸಿ, ದಿಂಬು ಇಡಲು ಒಬ್ಬರಿಗೆ ಏಳು ನಿಮಿಷ ಹಿಡಿಯಿರಿ. ಹದಿನೆಂಟೇಳು ನೂರಿಪ್ಪತ್ತಾರು. ಎರಡು ಗಂಟೆಗೆ ಇರುವುದೇ ನೂರಿಪ್ಪತ್ತು ನಿಮಿಷ. ಊಟ ಮಾಡಿಸುವುದು, ಮಾತ್ರೆ ಕೊಡುವುದು, ಬಟ್ಟೆ ಒಗೆಯುವುದು ಈ ಲೆಕ್ಕದಲ್ಲಿಲ್ಲ. ಹಾಗಾಗಿ ಚಾರ್ಟು ಮೊದಲೇ ತುಂಬುತ್ತದೆ. ರಾತ್ರಿ ಒಬ್ಬರೇ ಹೊರಳಿಸಬೇಕಾದಾಗ ಎತ್ತಲಾಗದೆ ಎಳೆಯುತ್ತಾರೆ. ಚರ್ಮ ಹಾಸಿಗೆಗೆ ಕಚ್ಚಿಕೊಂಡು ಒಳಗಿನ ಮಾಂಸ ಮಾತ್ರ ಜಾರುತ್ತದೆ. ಹೊರಗೆ ಏನೂ ಕಾಣದಿದ್ದರೂ ಒಳಗೆ ರಕ್ತನಾಳಗಳು ಜಗ್ಗಿ ಹರಿದುಹೋಗುತ್ತವೆ.

"ಏನಜ್ಜಿ, ಚೆನ್ನಾಗಿ ನೋಡ್ಕೋತಾರಾ?" ಎಂದು ಕೇಳಿದರೆ ನಿಜವಾದ ಉತ್ತರ ಸಿಗುವುದಿಲ್ಲ. "ಹೂಂನಮ್ಮ, ಚೆನ್ನಾಗಿ ನೋಡ್ಕೋತಾರೆ" ಎನ್ನುತ್ತಾ ಅಜ್ಜಿಯ ಕಣ್ಣು ಬಾಗಿಲ ಕಡೆ ಹೋಯಿತು. ಬಾಗಿಲಲ್ಲಿ ಸೂಪರ್‌ವೈಸರ್. ಅವರನ್ನು ಕಡತ ತರಲು ಕಳಿಸಿ, "ಬೆಳಿಗ್ಗೆ ತಿಂಡಿ ಏನು? ಯಾರು ತಿನ್ನಿಸಿದ್ದು? ಕೂತು ತಿಂದ್ರಾ, ಮಲಗೇ ತಿಂದ್ರಾ?" ಎಂದು ಒಂದೊಂದೇ ಕೇಳಬೇಕು. ಉಪ್ಪಿಟ್ಟಂತೆ. ಮಲಗೇ ತಿಂದದ್ದಂತೆ. ಮಲಗಿದವರ ಬಾಯಿಗೆ ತುತ್ತಿಟ್ಟರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಆದಷ್ಟು ನೆಟ್ಟಗೆ ಕೂರಿಸಿ ತಿನ್ನಿಸಬೇಕು, ಆಮೇಲೂ ಅರ್ಧ ಗಂಟೆ ಮಲಗಿಸಬಾರದು.

ಕೈಗೆಟುಕದ ಕಿಟಕಿಯ ಮೇಲೆ ನೀರಿನ ಬಾಟಲಿ, ಮುಚ್ಚಳದ ಸೀಲೂ ಒಡೆದಿಲ್ಲ. ಇದು ಮರೆವಲ್ಲ. ನೀರು ಕಡಿಮೆ ಕುಡಿಸಿದರೆ ಡೈಪರ್ ಕಡಿಮೆ ಸಾಕು ಎಂಬ ಲೆಕ್ಕ. ನೀರು ಸಾಲದೆ ಉರಿಮೂತ್ರ, ಮೂತ್ರದ ಸೋಂಕು, ಅದರ ಬೆನ್ನಿಗೆ ಬಡಬಡಿಕೆ. ಬಡಬಡಿಸಿದರೆ "ಅಜ್ಜಿಗೆ ಮರೆವು ಜಾಸ್ತಿಯಾಗಿದೆ" ಎಂದು ನಿದ್ದೆ ಮಾತ್ರೆ. ನಿದ್ದೆ ಮಾತ್ರೆ ಕೊಟ್ಟವರು ತಾವಾಗಿ ಹೊರಳುವುದಿಲ್ಲ, ಹೊರಳದಿದ್ದರೆ ಹುಣ್ಣು. ಚರ್ಮ ಚಿವುಟಿ ನೀರಿನಂಶ ಅಳೆಯುವ ಪದ್ಧತಿ ಮುದುಕರ ಕೈ ಮೇಲೆ ನಡೆಯದು, ಅಲ್ಲಿ ಚರ್ಮ ಹೇಗೂ ಸಡಿಲ. ನಾಲಿಗೆ ನೋಡಿ, ಮೂತ್ರದ ಬಣ್ಣ ನೋಡಿ. ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಇಳಿದಿದ್ದರೆ, ಅಂದರೆ 50 ಕಿಲೋ ಇದ್ದವರು ಎರಡೂವರೆ ಕಿಲೋ ಕಳೆದುಕೊಂಡಿದ್ದರೆ, ಅದೇ ದಿನ ಕೇಳಬೇಕು.

ಅಜ್ಜಿಯನ್ನು ಹೊರಳಿಸಿ ನೋಡಿದೆವು. ಟೊಂಕದ ಕೆಳಗೆ, ಬೆನ್ನುಮೂಳೆ ಮುಗಿಯುವ ಕಡೆ, ಅಂಗೈಯಗಲ ಕಪ್ಪು ನೇರಳೆ ಬಣ್ಣ, ನಡುವೆ ಒಂದು ರೂಪಾಯಿ ನಾಣ್ಯದಷ್ಟು ಚರ್ಮ ಎದ್ದಿದೆ. ಮೊದಲ ಹಂತದಲ್ಲಿ ಕೆಂಪಾಗುತ್ತದೆ, ಬೆರಳಿಟ್ಟು ಒತ್ತಿದರೂ ಬಿಳಿಚಿಕೊಳ್ಳುವುದಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಕೈಯಿಂದಲೇ ನೋಡಬೇಕು. ಹಿಮ್ಮಡಿ, ಕಾಲಿನ ಗಂಟು, ಸೊಂಟದ ಪಕ್ಕ, ಕಿವಿಯ ಹಿಂದೆಯೂ ನೋಡಬೇಕು. ಗಾಯದ ಮೇಲೆ ಪೌಡರ್ ಮೆತ್ತಿತ್ತು, ಸುತ್ತ ಸ್ಪಿರಿಟ್ ವಾಸನೆ. ಕೆಳಗೆ ಗಾಳಿ ತುಂಬಿದ ರಬ್ಬರ್ ರಿಂಗು. ಮೂರೂ ತಪ್ಪು. ಸ್ಪಿರಿಟ್ ಚರ್ಮ ಒಣಗಿಸುತ್ತದೆ, ಪೌಡರ್ ಗಂಟುಕಟ್ಟಿ ಉಜ್ಜುತ್ತದೆ, ರಿಂಗು ಸುತ್ತಲ ಅಂಚನ್ನು ಒತ್ತಿ ನಡುವಿಗೆ ಬರುವ ರಕ್ತವನ್ನೇ ತಡೆಯುತ್ತದೆ. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದೂ ಕೂಡದು.

"ಏರ್ ಬೆಡ್ ಹಾಕಿದೀವಲ್ಲ ಮೇಡಂ" ಎಂದರು ಸೂಪರ್‌ವೈಸರ್. ಹಾಕಿದ್ದು ನಿಜ, ಬಿಲ್ಲಿನಲ್ಲಿ ಬಾಡಿಗೆಯೂ ಇದೆ. ಅಂಗೈ ಮೇಲ್ಮುಖ ಮಾಡಿ ಏರ್ ಬೆಡ್ಡಿನ ಕೆಳಗೆ, ಸರಿಯಾಗಿ ಟೊಂಕದಡಿ ತೂರಿಸಿದರೆ ಸತ್ಯ ತಿಳಿಯುತ್ತದೆ: ಕೈಗೂ ಮೂಳೆಗೂ ನಡುವೆ ಒಂದಂಗುಲವಾದರೂ ಗಾಳಿ ಇರಬೇಕು. ಇಲ್ಲಿ ಮೂಳೆಯೇ ಕೈಗೆ ಸಿಕ್ಕಿತು. ಬೆಡ್ಡಿಗೆ ಗಾಳಿ ತುಂಬುವ ಮೋಟಾರಿನ ಪ್ಲಗ್ಗು ಕಿತ್ತು ಅಲ್ಲಿ ಮೊಬೈಲ್ ಚಾರ್ಜಿಗೆ ಹಾಕಿತ್ತು. ಸಾಲದ್ದಕ್ಕೆ ಮೇಲೆ ಮಡಿಸಿದ ಕಂಬಳಿ, ರಬ್ಬರ್ ಶೀಟು, ಬೆಡ್‌ಶೀಟು. ಅಷ್ಟು ಪದರ ಇದ್ದರೆ ಮೋಟಾರು ಓಡಿದರೂ ಉಪಯೋಗ ಕಡಿಮೆ.

ಗಾಯದ ಪಕ್ಕ ಸ್ಕೇಲ್ ಇಟ್ಟು ಫೋಟೊ, ಚಾರ್ಟಿನದೊಂದು ಫೋಟೊ, ಪ್ಲಗ್ಗಿನದೊಂದು. ದಿನಾಂಕ, ಹೊತ್ತು ನೋಟ್‌ಬುಕ್ಕಿಗೆ. ದೂರು ಬಾಯಲ್ಲಿ ಹೇಳಿದರೆ ಆಯಾ ಬದಲಾಗುತ್ತಾಳೆ, ಅಷ್ಟೇ. ಬರೆದು ಕೊಟ್ಟು ಸ್ವೀಕೃತಿ ಸಹಿ ತೆಗೆದುಕೊಳ್ಳಬೇಕು. ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಕೈ ಮಾಡಿದ್ದರೆ, ಕಟ್ಟಿಹಾಕಿದ್ದರೆ 112. ಇಂಥದ್ದಕ್ಕೆಲ್ಲ ಎ.ಸಿ. (ಅಸಿಸ್ಟೆಂಟ್ ಕಮಿಷನರ್, ಅಂದರೆ ಉಪವಿಭಾಗಾಧಿಕಾರಿ) ಕೋರ್ಟು ಎಂದು ಬಹಳ ಜನ ತಿಳಿದಿದ್ದಾರೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ ಪ್ರಕಾರ ಎ.ಸಿ. ಮುಖ್ಯವಾಗಿ ನೋಡುವುದು ಮಕ್ಕಳಿಂದ, ವಾರಸುದಾರರಿಂದ ಬರಬೇಕಾದ ಜೀವನಾಂಶವನ್ನು. ದುಡ್ಡು ಪಡೆದ ಕೇಂದ್ರ ಸರಿಯಾಗಿ ನೋಡಿಕೊಳ್ಳದಿದ್ದರೆ ಅದು ಸೇವಾ ನ್ಯೂನತೆ, ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಅದಕ್ಕೆ ಬಿಲ್ಲು ಬೇಕು, ಏರ್ ಬೆಡ್ ಬಾಡಿಗೆಯ ಬಿಲ್ಲಂತೂ ಬೇಕೇ ಬೇಕು.

12:10ಕ್ಕೆ ಇಬ್ಬರು ಸೇರಿ, ಕೆಳಗೆ ಮಡಿಸಿ ಹಾಸಿದ ಬಟ್ಟೆಯ ಎರಡೂ ಅಂಚು ಹಿಡಿದು ಎತ್ತಿ, ಅಜ್ಜಿಯನ್ನು ಬಲ ಮಗ್ಗುಲಿಗೆ ಮಲಗಿಸಿದೆವು. ಪೂರ್ತಿ ಪಕ್ಕಕ್ಕಲ್ಲ, ಮೂವತ್ತು ಡಿಗ್ರಿಯಷ್ಟು ವಾಲಿಸಿ ಬೆನ್ನಿಗೊಂದು ದಿಂಬು, ಮಂಡಿಗಳ ನಡುವೆ ಒಂದು, ಮೀನಖಂಡದಡಿ ಒಂದು. ಹಿಮ್ಮಡಿ ಎಲ್ಲಿಯೂ ತಾಗಬಾರದು.

"ಮೇಡಂ, ಚಾರ್ಟಲ್ಲಿ ಎಡ ಅಂತ ಇದೆಯಲ್ಲ, ತಿದ್ಲಾ?" ಎಂದಳು ಆಯಾ.

"ಅದನ್ನ ಹಾಗೇ ಬಿಡಿ. ಹೊಸ ಹಾಳೆ ತಗೊಂಡು ಬಲ, 12:10 ಅಂತ ಬರೀರಿ. ಮುಂದಿನದು 2:10ಕ್ಕೆ."

"2 ಗಂಟೆಗೆ ನನ್ನ ಡ್ಯೂಟಿ ಮುಗಿಯತ್ತೆ ಮೇಡಂ. ಬರೋರು ಎರಡೂವರೆ ಮಾಡ್ತಾರೆ."