ಪಟ್ಟಿಯಿಂದ ನಾನು ತೆಗೆದ ಹಗ್ಗ

ರಾತ್ರಿ 9.30. ಚೆಕ್-ಇನ್, ಅಂದರೆ ಟ್ರಿಪ್‌ಗೆ ಹೋದ ತಂಡ ‘ಕ್ಷೇಮ’ ಅಂತ ಕಳಿಸಬೇಕಾದ ಸಂದೇಶ, ತಪ್ಪಿ ನಾಲ್ಕು ಗಂಟೆಯಾದರೆ ಶೆರಿಫ್ ಕಚೇರಿಗೆ (ಅಲ್ಲಿನ ಪೊಲೀಸರಿಗೆ) ಫೋನ್ ಮಾಡಬೇಕು ಅನ್ನುವುದು ನಮ್ಮಲ್ಲಿನ ನಿಯಮ. ಫೋನ್ ಕೈಯಲ್ಲೇ ಇತ್ತು. ಮಾಡಲಿಲ್ಲ. 17 ನಿಮಿಷ ಸುಮ್ನೆ ಕೂತಿದ್ದೆ. ವರ್ಷವಾಯಿತು, ಆ 17 ನಿಮಿಷ ಇನ್ನೂ ನನ್ನನ್ನು ಬಿಟ್ಟಿಲ್ಲ.

ಅಮೆರಿಕದ ದಕ್ಷಿಣ ಯೂಟಾದ ಒಂದು ಸಣ್ಣ ಗೈಡಿಂಗ್ ಕಂಪನಿಯಲ್ಲಿ ಟ್ರಿಪ್ ಪ್ಲಾನಿಂಗ್ ನನ್ನ ಕೆಲಸ. ಅವತ್ತು ಹೊರಟಿದ್ದು ಎಂಟು ಜನ. ಆರು ಟ್ರೆಕ್ಕರ್‌ಗಳು, ಇಬ್ಬರು ಗೈಡ್‌ಗಳು. ವೈರ್ ಪಾಸ್‌ನಲ್ಲಿ ಇಳಿದು, ಬಂಡೆಯ ನಡುವಿನ ಕಿರಿದಾದ ಸೀಳಿನಂಥ ಕ್ಯಾನ್ಯನ್ (ಕಮರಿ) ಬಕ್‌ಸ್ಕಿನ್ ಗಲ್ಚ್ ದಾಟಿ, ಅಲ್ಲಿಂದ ಪರಿಯಾ ನದಿಯ ಜೊತೆಗೇ ನಡೆದು ಅರಿಝೋನಾದ ಲೀಸ್ ಫೆರಿಗೆ ಹೊರಬರುವುದು. ಸುಮಾರು 44 ಮೈಲಿ, ನಾಲ್ಕು ದಿನ. ಐದು ದಿನ ಬೇಕು ಅಂತ ಗೈಡ್‌ಗಳು ಮೊದಲಿನಿಂದಲೂ ಹೇಳುತ್ತಿದ್ದರು. ಆದರೆ ಟ್ರಿಪ್ ಮಾರಿದ್ದೇ ನಾಲ್ಕು ದಿನಕ್ಕೆ.

ಕಾಗದದ ಕೆಲಸವನ್ನು ನಾನು ತುಂಬಾ ಜಾಗ್ರತೆಯಿಂದ ಮಾಡಿದ್ದೆ. ದಿನಕ್ಕೆ 20 ಜನರಿಗಷ್ಟೇ ರಾತ್ರಿ ತಂಗುವ ಪರ್ಮಿಟ್ ಸಿಗುತ್ತದೆ, ಒಂದು ಗುಂಪಿನಲ್ಲಿ 10 ಜನರ ಮೇಲೆ ಬಿಡುವುದಿಲ್ಲ. ತಿಂಗಳುಗಟ್ಟಲೆ ಮುಂಚೆಯೇ ಪರ್ಮಿಟ್ ತೆಗೆಸಿದ್ದೆ. ಮಲವನ್ನು ಹೊರಗೆ ಹೊತ್ತು ತರುವ ಚೀಲ, ವ್ಯಾಗ್ ಬ್ಯಾಗ್, ಎಣಿಸಿ ಕೊಟ್ಟಿದ್ದೆ. ಲೀಸ್ ಫೆರಿಯ ಪಿಕಪ್ ಸಮಯದ ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಅರಿಝೋನಾ ಗಂಟೆ’ ಅಂತ ಬರೆದಿದ್ದೆ. ಬೇಸಿಗೆಯಲ್ಲಿ ಯೂಟಾ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಅರಿಝೋನಾದ್ದು ಹೋಗುವುದಿಲ್ಲ. ನಡೆದು ಗಡಿ ದಾಟಿದವರಿಗೆ ಅದು ನೆನಪಿರಲ್ಲ ಅಲ್ವಾ?

ಆಮೇಲೆ ತೂಕದ ಲೆಕ್ಕಕ್ಕೆ ಕೂತೆ. ಬಕ್‌ಸ್ಕಿನ್ ಒಳಗೆ ಕುಡಿಯುವ ನೀರಿಲ್ಲ. ಪರಿಯಾ ನದಿಯಲ್ಲಿ ಕೆಸರು ನೀರು. ಒಳ್ಳೆಯ ಊಟೆ ಅಂದರೆ ಬಿಗ್ ಸ್ಪ್ರಿಂಗ್, ಅದು ಎರಡೂ ಕೂಡುವ ಜಾಗದಿಂದ ಇನ್ನೂ ಐದು ಮೈಲಿ ಕೆಳಗೆ. ಹಾಗಾಗಿ ಮೊದಲ ದಿನ ತಲೆಗೆ 5 ಲೀಟರ್ ಹೊರಲೇಬೇಕು, ಅದೇ 5 ಕಿಲೋ. ಎಲ್ಲಿ ಇಳಿಸಲಿ ಅಂತ ಪಟ್ಟಿ ನೋಡುತ್ತಾ ಹೋದೆ. ಹಗ್ಗ ಕಣ್ಣಿಗೆ ಬಿತ್ತು. ಬಕ್‌ಸ್ಕಿನ್‌ನಲ್ಲಿ ಬಂಡೆಗಳು ದಾರಿಗೆ ಅಡ್ಡವಾಗಿ ಸಿಕ್ಕಿಕೊಂಡಿರುವ ರಾಕ್ ಜಾಮ್‌ನಲ್ಲಿ, ಇಳಿಯುವುದಕ್ಕೆ ಯಾರಾದರೂ ಕಟ್ಟಿಬಿಟ್ಟ ಹಗ್ಗ ಇದ್ದೇ ಇರುತ್ತದೆ, ಹಿಂದಿನ ವರ್ಷದ ಟ್ರಿಪ್ ಶೀಟ್‌ನಲ್ಲೂ ಹಾಗೇ ಇತ್ತು. ನಮ್ಮದನ್ನು ತೆಗೆದುಬಿಟ್ಟೆ.

ಅದೇ ಹಳೆಯ ಶೀಟ್‌ನಲ್ಲಿ ‘ಗುಂಡಿಗಳಲ್ಲಿ ಮೊಣಕಾಲುದ್ದ ನೀರು’ ಅಂತಲೂ ಇತ್ತು. ಅದನ್ನೂ ಹಾಗೇ ಇಳಿಸಿಕೊಂಡೆ. ಸೆಪ್ಟೆಂಬರ್ ಕೊನೆಯಲ್ಲಿ ಮಳೆಯಾಗಿದ್ದು ನನಗೆ ಗೊತ್ತಿತ್ತು. ರೇಂಜರ್‌ಗಳಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ.

ಇನ್ನು ಕಂಪ್ಯೂಟರ್‌ನಲ್ಲಿರುವ ನಮ್ಮ ಶೀಟ್. ದೂರ ಹಾಕಿದರೆ ಗಂಟೆಗೆ ಒಂದೂವರೆ ಮೈಲಿಯಂತೆ ಅದೇ ಸಮಯ ತುಂಬಿಸಿಬಿಡುತ್ತದೆ. ಬಟಾಬಯಲಿಗೂ ಅದೇ, ಎದೆಮಟ್ಟದ ನೀರಿಗೂ ಅದೇ. ಮೊದಲ ದಿನದ 13 ಮೈಲಿ ಚಿಲ್ಲರೆಗೆ ‘ಕ್ಯಾಂಪ್ 5.00, ಚೆಕ್-ಇನ್ 5.30’ ಅಂತ ತೋರಿಸಿತು. ನಾನು ನಂಬಿದೆ.

ಬೆಳಗ್ಗೆ 8.10ಕ್ಕೆ ‘ಹೊರಟೆವು’ ಅಂತ ಸಂದೇಶ ಬಂತು. ಆಮೇಲೆ ಏನೂ ಇಲ್ಲ. ಬರುವಂತೆಯೂ ಇರಲಿಲ್ಲ. ಬಕ್‌ಸ್ಕಿನ್‌ನಲ್ಲಿ ಎರಡೂ ಗೋಡೆ ಕೈಗೆ ಸಿಗುವಷ್ಟು ಹತ್ತಿರ ಬರುವ ಜಾಗಗಳಿವೆ, ತಲೆಯ ಮೇಲೆ ಆಕಾಶ ಒಂದು ಗೆರೆಯಷ್ಟೇ. ಉಪಗ್ರಹದ ಸಾಧನ ಅಲ್ಲಿ ಮೂಕ.

ಸಂಜೆ 4.20ಕ್ಕೆ ಮಳೆ ತೋರಿಸುವ ರೇಡಾರ್‌ನಲ್ಲಿ ಬ್ರೈಸ್ ಕ್ಯಾನ್ಯನ್ ಕಡೆ ಒಂದು ಹಳದಿ ಚುಕ್ಕೆ ಮೂಡಿತು. ಪರಿಯಾಕ್ಕೆ ನೀರು ಬರುವುದೇ ಆ ಕಡೆಯಿಂದ. ಕಿಟಕಿಯ ಹೊರಗೆ ಒಂದು ಮೋಡವೂ ಇರಲಿಲ್ಲ, ಆದರೆ ಈ ಸೀಮೆಯಲ್ಲಿ ಅದು ಧೈರ್ಯ ಕೊಡುವ ವಿಷಯವಲ್ಲ. 1997ರ ಆಗಸ್ಟ್ 12ರಂದು ಆ್ಯಂಟೆಲೋಪ್ ಕ್ಯಾನ್ಯನ್‌ನಲ್ಲಿ 11 ಜನ ಕೊಚ್ಚಿಹೋದರು. ಮಳೆ ಬಿದ್ದಿದ್ದು ಎಷ್ಟೋ ಮೈಲಿ ಆಚೆ. ಚುಕ್ಕೆ ಮುಕ್ಕಾಲು ಗಂಟೆಯಲ್ಲಿ ಕರಗಿತು. ನನ್ನ ಎದೆಬಡಿತ ಮಾತ್ರ ಇಳಿಯಲಿಲ್ಲ.

5.30 ಆಯಿತು. 6.30. 7.30ಕ್ಕೆ ಹೊರಗೆ ಕತ್ತಲು. ಒಳಗೆ ಇನ್ನೂ ಮುಂಚೆಯೇ ಕತ್ತಲಾಗಿರುತ್ತದೆ. ಮಾಲೀಕರಿಗೆ ಫೋನ್ ಮಾಡಿದೆ. ‘ಸಾಧನ ಸರಿಯಿಲ್ಲವೇನೋ, ಕಾದು ನೋಡಿ’ ಅಂದರು. ನನಗೂ ಅದೇ ಬೇಕಿತ್ತು. ಶೆರಿಫ್‌ಗೆ ಫೋನ್ ಮಾಡಿದರೆ ನನ್ನ ಪ್ಲಾನ್ ತಪ್ಪು ಅಂತ ನಾನೇ ಒಪ್ಪಿಕೊಂಡ ಹಾಗೆ. 9.30ಕ್ಕೆ ನನ್ನ ಕೈ ತಡೆದಿದ್ದು ಅದೇ, ಬೇರೇನೂ ಅಲ್ಲ.

9.47ಕ್ಕೆ ಸಂದೇಶ: ‘ಎಂಟೂ ಜನ ಕ್ಯಾಂಪ್‌ನಲ್ಲಿ. ಒಬ್ಬರಿಗೆ ತುಂಬಾ ಚಳಿ, ಈಗ ಪರವಾಗಿಲ್ಲ.’

ನಡೆದದ್ದು ಏನು ಅಂತ ಮೂರು ದಿನದ ನಂತರ ತಿಳಿಯಿತು. ನೀರು ಮೊಣಕಾಲುದ್ದ ಅಲ್ಲ, ಎದೆಮಟ್ಟ. ಒಂದಾದ ಮೇಲೊಂದು ಗುಂಡಿ. ಬಿಸಿಲು ಬೀಳದ ಜಾಗವಾದ್ದರಿಂದ ವಾರಗಟ್ಟಲೆ ನಿಂತ ನೀರು, ಮೈ ಕೊರೆಯುವಷ್ಟು ತಣ್ಣಗೆ. ಒಬ್ಬ ಮಹಿಳೆಗೆ ನಡುಕ ನಿಲ್ಲಲೇ ಇಲ್ಲ. ಎರಡು ಸಲ ನಿಂತು ಅವರ ಬಟ್ಟೆ ಬದಲಾಯಿಸಿದ್ದಾರೆ. ನಡುವೆ ಹೊರಬರಲು ಇರುವ ಹತ್ತುದಾರಿ ಮಿಡಲ್ ರೂಟ್ ಹಿಡಿದು ಹೊರಬರೋಣ ಅಂದರೆ ಆ ಕೈಗಳಲ್ಲಿ ಬಂಡೆ ಹಿಡಿಯುವ ಶಕ್ತಿ ಇರಲಿಲ್ಲ. ರಾಕ್ ಜಾಮ್ ಮುಟ್ಟಿದಾಗ ಕತ್ತಲು. ಅಲ್ಲಿ ಎರಡಾಳುದ್ದ ಇಳಿಯಬೇಕು. ಪ್ರತಿ ಪ್ರವಾಹಕ್ಕೂ ಅಲ್ಲಿನ ಬಂಡೆಗಳ ಜೋಡಣೆ ಬದಲಾಗುತ್ತದೆ. ಕಟ್ಟಿದ್ದ ಹಗ್ಗ ಇತ್ತು, ಆದರೆ ಅಂಚಿಗೆ ಉಜ್ಜಿ ಉಜ್ಜಿ ಎಳೆ ಬಿಟ್ಟಿತ್ತು.

ಹಿರಿಯ ಗೈಡ್ ತಮ್ಮ ಸ್ವಂತ ಹಗ್ಗ ಒಯ್ದಿದ್ದರು. ನನ್ನ ಪಟ್ಟಿಯಲ್ಲಿ ಇಲ್ಲದಿದ್ದರೂ. ಹೆಡ್‌ಲ್ಯಾಂಪ್ ಬೆಳಕಿನಲ್ಲಿ ಮೊದಲು ಚೀಲಗಳು, ಆಮೇಲೆ ಒಬ್ಬೊಬ್ಬರು. ಒಂದು ಗಂಟೆಗೂ ಜಾಸ್ತಿ ಹಿಡಿಯಿತಂತೆ.

ನಾನು ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. ‘ತೂಕ ಇಳಿಸಬೇಕಾದರೆ ನಮ್ಮನ್ನು ಕೇಳಿ. ಒಳಗೆ ಹೋಗುವವರು ನಾವು’ ಅಂದರು. ಅಷ್ಟೇ.

ಈಗ ಶೀಟ್‌ನಲ್ಲಿ ಆ ಸಮಯದ ಕಾಲಂ ನಾನೇ ಅಳಿಸಿದ್ದೇನೆ. ಬಕ್‌ಸ್ಕಿನ್‌ಗೆ ಗಂಟೆಗೆ 1 ಮೈಲಿ ಅಂತ ಕೈಯಲ್ಲಿ ಬರೆಯುತ್ತೇನೆ. 13 ಮೈಲಿ ಒಂದು ಹಗಲಿಗೆ ಹಿಡಿಸುವುದಿಲ್ಲ ಅಂತ ಆಗ ಕಣ್ಣಿಗೇ ಕಾಣುತ್ತದೆ, ಸೀಳಿನೊಳಗೆ ಟೆಂಟ್ ಹಾಕುವ ಮಾತಂತೂ ಇಲ್ಲವೇ ಇಲ್ಲ. ಅದಕ್ಕೇ ನೀರು ಜಾಸ್ತಿ ಇದ್ದರೆ ಬಕ್‌ಸ್ಕಿನ್ ಬಿಟ್ಟು, ವೈಟ್ ಹೌಸ್ ಅನ್ನುವ ಇನ್ನೊಂದು ಆರಂಭದ ಜಾಗದಿಂದ ಪರಿಯಾ ಮೂಲಕವೇ ಕಳಿಸುತ್ತೇವೆ. ಎಷ್ಟು ನೀರಿದೆ ಅಂತ ಹೊರಡುವ ವಾರದಲ್ಲೇ ರೇಂಜರ್‌ಗಳನ್ನು ಕೇಳುತ್ತೇನೆ. ಹಗ್ಗ ಪಟ್ಟಿಯ ಮೊದಲ ಸಾಲಿನಲ್ಲಿದೆ. ಚೆಕ್-ಇನ್ ಕ್ಯಾನ್ಯನ್ ಅಗಲವಾದ ಮೇಲೆ ಮಾತ್ರ. ಫೋನ್ ಮಾಡುವ ಹೊತ್ತಾದರೆ ಮಾಲೀಕರನ್ನು ಕೇಳುವುದಿಲ್ಲ, ಮಾಡುತ್ತೇನೆ.

ಕಂಪನಿಯ ಪುಟದಲ್ಲಿ ಮಾತ್ರ ಇನ್ನೂ ‘ನಾಲ್ಕು ದಿನ’ ಅಂತಲೇ ಇದೆ. ಮೂರು ಸಲ ಬರೆದು ಕೊಟ್ಟೆ. ಸೋಮವಾರದ ಮೀಟಿಂಗ್‌ಗೆ ಈ ಸಲ ಆ ಎಳೆಬಿಟ್ಟ ಹಗ್ಗದ ಫೋಟೋವನ್ನೂ ತೆಗೆದುಕೊಂಡು ಹೋಗುತ್ತಿದ್ದೇನೆ.