ನಾನು ಚಾಪೆ ಕೆಳಗೆ, ಮಗಳು ರಂಗೋಲಿ ಕೆಳಗೆ

ಮೊದಲ ವಾರ

ಮಗಳಿಗೆ 16 ತಿಂಗಳು. ನಡೆಯಲು ಕಲಿತು ಮೂರು ತಿಂಗಳಾಯಿತು, ಹತ್ತಲು ಕಲಿತು ಎಂಟೇ ದಿನ. ಈ ಎಂಟು ದಿನದಲ್ಲಿ ಸೋಫಾ, ಸೋಫಾದ ಕೈ, ಅಲ್ಲಿಂದ ಕಿಟಕಿ ಕಟ್ಟೆ, ಮೂರೂ ಆಗಿದೆ. ಹಾಗಾಗಿ ಹೊಸ ಪ್ರಾಜೆಕ್ಟ್: ಅಪಾಯ ಅನ್ನಿಸುವುದೆಲ್ಲ ಅವಳ ಕೈಗೆ ಸಿಗದ ಹಾಗೆ ಮಾಡುವುದು. ಎರಡು ಭಾನುವಾರ ಸಾಕು ಎಂದೆ. ಹೆಂಡತಿ ಏನೂ ಹೇಳಲಿಲ್ಲ, ಸುಮ್ನೆ ನಕ್ಕಳು.

ಮೊದಲು ಮಾಡಿದ ಕೆಲಸ ಅಂಬೆಗಾಲಲ್ಲಿ ಇಡೀ ಮನೆ ಸುತ್ತಿದ್ದು. ಅವಳ ಕಣ್ಣಿನ ಎತ್ತರದಿಂದ ನೋಡಿದರೆ ಅದು ಬೇರೆಯದೇ ಮನೆ. ಸೋಫಾ ಅಡಿಯಲ್ಲಿ ಒಂದು ನಾಣ್ಯ, ಎರಡು ಶರ್ಟಿನ ಗುಂಡಿ, ಪೆನ್ನಿನ ಮುಚ್ಚಳ. ಟೇಬಲ್ ತಳದಲ್ಲಿ ಅರ್ಧ ಹೊರಗೆ ಬಂದ ಮೊಳೆ. ಗಂಟಲಲ್ಲಿ ಸಿಕ್ಕಿಕೊಳ್ಳುವಂಥದ್ದು ಯಾವುದು ಎಂದು ನೋಡಲು ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆ ಸಾಕು. ಅದರೊಳಗೆ ತೂರುವುದೆಲ್ಲ ಮೇಲಿನ ಶೆಲ್ಫಿಗೆ. ಸಂಜೆ ಹೊತ್ತಿಗೆ ಮೇಲಿನ ಶೆಲ್ಫಿನಲ್ಲಿ ಜಾಗವೇ ಇರಲಿಲ್ಲ.

ಎರಡನೇ ವಾರ

ಅಡುಗೆಮನೆಯ ಕೆಳಗಿನ ಬಾಗಿಲುಗಳಿಗೆ ಪ್ಲಾಸ್ಟಿಕ್ ಕೊಕ್ಕೆ ಹಾಕಿದೆ. ಬಾಗಿಲು ಒಂದು ಬೆರಳಿನಷ್ಟು ತೆರೆದು ನಿಲ್ಲುತ್ತದೆ. ಸಂದಿಯಲ್ಲಿ ಬೆರಳು ತೂರಿಸಿ ಕೊಕ್ಕೆ ಒತ್ತಿದರೆ ಮಾತ್ರ ಪೂರ್ತಿ ತೆರೆಯುವುದು. ಆರು ಕೊಕ್ಕೆ, ಇಡೀ ಭಾನುವಾರ.

ಗುರುವಾರ ಬೆಳಿಗ್ಗೆ ಅವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನಾಲಿಗೆ ತುಸು ಹೊರಗೆ. ತೋರುಬೆರಳು ಸಂದಿಯೊಳಗೆ. ಒಮ್ಮೆ ಒತ್ತಿದಳು, ಆಗಲಿಲ್ಲ. ಬೆರಳು ತೆಗೆದು ಅದನ್ನೇ ಒಂದು ಕ್ಷಣ ನೋಡಿದಳು. ಮತ್ತೆ ತೂರಿಸಿದಳು. ಟಕ್. ಬಾಗಿಲು ತೆರೆದುಕೊಂಡಿತು. ತಿರುಗಿ ನನ್ನ ಕಡೆ ನೋಡಿ ಚಪ್ಪಾಳೆ ಬೇರೆ!

ಆಮೇಲೆ ಹೊಳೆಯಿತು. ದಿನಕ್ಕೆ ಇಪ್ಪತ್ತು ಸಲ ನಾನು ಅದನ್ನು ತೆರೆಯುವಾಗ ಅವಳು ನನ್ನ ಕಾಲ ಬುಡದಲ್ಲೇ ಇರುತ್ತಾಳೆ. ನನ್ನ ಬೆರಳು ಅವಳ ಮೂಗಿನ ನೇರಕ್ಕೇ ಕೆಲಸ ಮಾಡುತ್ತದೆ. ಪಾಠ ಹೇಳಿಕೊಟ್ಟವನು ನಾನೇ ಅಲ್ವಾ?

ಅಯಸ್ಕಾಂತದ ಬೀಗಕ್ಕೆ ಬದಲಾಯಿಸಿದೆ. ಅದರ ಕೀಲಿಯನ್ನು ಫ್ರಿಜ್ ಬಾಗಿಲಿನ ಮೇಲ್ತುದಿಗೆ ಅಂಟಿಸಿದೆ. ಮೂರೇ ದಿನಕ್ಕೆ ಅವಳು ಸ್ಟೂಲನ್ನು ಫ್ರಿಜ್ ಹತ್ತಿರ ದೂಡಿಕೊಂಡು ಹೋದಳು. ಕೀಲಿ ಎಟುಕಲಿಲ್ಲ, ಆದರೆ ದಾರಿ ಗೊತ್ತಾಗಿದೆ. ಸೋಪು, ಫಿನಾಯಿಲ್, ಚಾಕು ಎಲ್ಲ ಮೇಲಕ್ಕೆ ಹೋದವು. ಬೀಗ ಇದ್ದರೂ ಸರಿ, ಕೆಳಗೆ ಇಡುವುದಿಲ್ಲ.

ಮೂರನೇ ವಾರ

ಈ ವಾರದ್ದು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರೂಮಿನಲ್ಲಿ ನಾಲ್ಕು ಡ್ರಾಯರಿನ ಮರದ ಪೆಟ್ಟಿಗೆ ಇದೆ. ಅವಳು ಕೆಳಗಿನ ಡ್ರಾಯರ್ ಎಳೆದಳು, ಅದರ ಮೇಲಿನದ್ದು ಎಳೆದಳು, ಮೊದಲಿನದರ ಮೇಲೆ ಕಾಲಿಟ್ಟಳು. ಮೆಟ್ಟಿಲು ತಯಾರು. ನಾನು ಬಟ್ಟೆ ಮಡಚುತ್ತಾ ಪಕ್ಕದಲ್ಲೇ ಇದ್ದೆ. ಪೆಟ್ಟಿಗೆಯ ಹಿಂದಿನ ಕಾಲು ನೆಲದಿಂದ ಮೇಲೆದ್ದಿದ್ದು ಕಂಡಿತು. ಒಂದು ಕೈಯಲ್ಲಿ ಅವಳು, ಇನ್ನೊಂದು ಕೈಯಲ್ಲಿ ಪೆಟ್ಟಿಗೆ. ಎದೆಬಡಿತ ಇಳಿಯಲು ಹತ್ತು ನಿಮಿಷ ಬೇಕಾಯಿತು.

ಡ್ರಾಯರುಗಳು ಹೊರಗೆ ಬಂದಾಗ ಅವುಗಳ ಭಾರವೂ ಮುಂದಕ್ಕೆ ಬರುತ್ತದೆ. ಅದರ ಮೇಲೆ ಹತ್ತು ಕೆಜಿಯ ಮಗು ನಿಂತರೆ ಭಾರಿ ಪೆಟ್ಟಿಗೆಯೂ ಮುಗ್ಗರಿಸುತ್ತದೆ. ಅವತ್ತೇ ರಾತ್ರಿ ಗೋಡೆಗೆ ಬಿಗಿದೆ. ಮೊದಲ ತೂತು ಹಾಳಾಯಿತು, ಗಾರೆ ಪುಡಿಯಾಗಿ ಸ್ಕ್ರೂ ಹಿಡಿಯುವ ಪ್ಲಗ್ ಕೈಯಲ್ಲೇ ಕಿತ್ತು ಬಂತು. ನಾಲ್ಕು ಇಂಚು ಆಚೆ ಮತ್ತೆ ಕೊರೆದು, ಉದ್ದದ ಪ್ಲಗ್ ಹಾಕಿ, ಎರಡು ಎಲ್ ಕ್ಲಾಂಪ್ ಕೂರಿಸಿದೆ. ನಾನೇ ಜೋತುಬಿದ್ದು ನೋಡಿದೆ, ಅಲುಗಲಿಲ್ಲ. ಭಾರದ ಸಾಮಾನು ಕೆಳಗಿನ ಡ್ರಾಯರಿಗೆ ಇಳಿಯಿತು. ಟಿವಿಗೂ ಪುಸ್ತಕದ ಕಪಾಟಿಗೂ ಇದೇ ಮದ್ದು. ಬೇರೇನು ಬಿಟ್ಟರೂ ಈ ಕೆಲಸವನ್ನು ಮಾತ್ರ ಮುಂದೂಡಬೇಡಿ.

ನಾಲ್ಕನೇ ವಾರ

ಫ್ಯಾನಿನ ರಿಮೋಟ್ ನೆಲದ ಮೇಲೆ ಬಿದ್ದಿತ್ತು. ಮುಚ್ಚಳ ಒಂದು ಕಡೆ. ಬ್ಯಾಟರಿ ಇಲ್ಲ.

ಅದು ನಾಣ್ಯದಂಥ ಬ್ಯಾಟರಿ, 20 ಮಿಲಿಮೀಟರ್, 3 ವೋಲ್ಟ್. ಇದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒಡೆಯಲೂ ಬೇಕಿಲ್ಲ, ಸೋರಲೂ ಬೇಕಿಲ್ಲ. ಒದ್ದೆಯಲ್ಲಿ ಕರೆಂಟ್ ಹರಿದು ಅಲ್ಲೇ ಕ್ಷಾರ ಹುಟ್ಟುತ್ತದೆ, ಎರಡು ಗಂಟೆಯೊಳಗೆ ಒಳಗೆಲ್ಲ ಸುಟ್ಟ ಗಾಯ. ಇದು ಗೊತ್ತಿದ್ದರಿಂದಲೇ ಕೈ ನಡುಗುತ್ತಿತ್ತು. ಹೆಂಡತಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಟೇಬಿಟ್ಟಳು. ಎಕ್ಸ್‌ರೇ ತೆಗೆಸಿಬಿಡೋಣ, ಹುಡುಕುತ್ತಾ ಕೂರುವುದು ಬೇಡ ಎಂದಳು. ಅದೇ ಸರಿ. ಮಗುವಿಗೆ ಶೂ ಹಾಕಲು ಹೋದರೆ ಕಾಲು ಒಳಗೆ ಹೋಗುತ್ತಿಲ್ಲ. ಶೂ ಬೋರಲು ಹಾಕಿದೆ. ಬ್ಯಾಟರಿ ಠಣ್ ಎಂದು ಬಿತ್ತು.

ಈಗ ಮನೆಯಲ್ಲಿ ಸ್ಕ್ರೂ ಮುಚ್ಚಳ ಇಲ್ಲದ ರಿಮೋಟ್ ಇಲ್ಲ. ಹಳೇ ಬ್ಯಾಟರಿ ತೆಗೆದ ತಕ್ಷಣ ಎರಡೂ ಕಡೆ ಟೇಪ್ ಸುತ್ತಿ ಮೇಲಿಡುತ್ತೇವೆ. ಖಾಲಿಯಾದ ಬ್ಯಾಟರಿಯಲ್ಲೂ ಸುಡುವಷ್ಟು ಶಕ್ತಿ ಉಳಿದಿರುತ್ತದೆ.

ಐದನೇ ವಾರ

ಜ್ವರ. ಅವಳಿಗೆ, ಆಮೇಲೆ ನನಗೆ. ಕೆಲಸ ಏನೂ ಆಗಿಲ್ಲ.

ಏಳನೇ ವಾರ

ಯೋಜನೆ ಬದಲಾಗಿದೆ. ಬೀಗ ಹಾಕಿ ಹಾಕಿ ಸಾಕಾಯಿತು. ಅಡುಗೆಮನೆಯ ಎರಡು ಬಾಗಿಲಿನ ಬೀಗ ಕಿತ್ತು ಆ ಜಾಗವನ್ನು ಅವಳಿಗೇ ಬಿಟ್ಟುಕೊಟ್ಟೆ. ಒಳಗೆ ಸ್ಟೀಲ್ ಡಬ್ಬಿ, ಮುಚ್ಚಳ, ಮರದ ಸೌಟು. ಒಂದೇ ಮುಚ್ಚಳವನ್ನು ಹದಿನೈದು ಸಲ ಬೀಳಿಸುತ್ತಾಳೆ: ಕೂತು, ನಿಂತು, ಡಬ್ಬಿಯೊಳಗೆ, ನನ್ನ ಪಾದದ ಮೇಲೆ. ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತನ್ನ ಮೂರು ಮಕ್ಕಳನ್ನು ನೋಡುತ್ತಾ ಇದನ್ನೇ ಬರೆದಿಟ್ಟಿದ್ದ. ಒಂದರಿಂದ ಒಂದೂವರೆ ವರ್ಷದೊಳಗೆ ಮಕ್ಕಳು ಹೀಗೆ ಬೇಕಂತಲೇ ಬದಲಾಯಿಸಿ ಬದಲಾಯಿಸಿ ಪ್ರಯೋಗ ಮಾಡುತ್ತಾರಂತೆ. ಅವನ ಪಾದದ ಮೇಲೆ ಬಿದ್ದಿತ್ತೋ ಇಲ್ಲವೋ.

ಹತ್ತುವ ಚಟಕ್ಕೆ ಮರದ ಪೆಟ್ಟಿಗೆಯೊಂದನ್ನು ಮಾಡಿದೆ, 20 ಸೆಂಟಿಮೀಟರ್ ಎತ್ತರ, ಅಂಚೆಲ್ಲ ಉಜ್ಜಿ ನುಣ್ಣಗೆ ಮಾಡಿದ್ದು. ಹತ್ತು, ಇಳಿ, ಹತ್ತು, ಇಳಿ. ಸೋಫಾ ಕಡೆ ಹೋಗುವುದು ಕಮ್ಮಿಯಾಗಿದೆ.

ಬಚ್ಚಲುಮನೆಗೆ ಮಾತ್ರ ರಿಯಾಯಿತಿ ಇಲ್ಲ. ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ. ಬಕೆಟ್‌ಗೆ ಬಗ್ಗಿದರೆ ತಲೆಕೆಳಗಾಗಿ ಬೀಳುತ್ತಾರೆ, ಮುಳುಗಲು ಎರಡು ಇಂಚು ನೀರು ಸಾಕು. ಬಕೆಟ್ ಖಾಲಿ ಮಾಡಿ ಬೋರಲು ಹಾಕುವುದು ರೂಢಿಯಾಯಿತು. ಬಾಗಿಲಿಗೆ ಹೊರಗಿನಿಂದ ಚಿಲಕ, ನೆಲದಿಂದ 110 ಸೆಂಟಿಮೀಟರ್.

ಎಂಟನೇ ವಾರ

ಇವತ್ತು ಬೆಳಿಗ್ಗೆ ಮುಖ ತೊಳೆಯುತ್ತಿದ್ದೆ. ಹೊರಗೆ ಏನೋ ಎಳೆಯುವ ಸದ್ದು. ಮರ ನೆಲಕ್ಕೆ ಉಜ್ಜುವ ಸದ್ದು ಅದು, ನನಗೆ ಚೆನ್ನಾಗಿ ಗೊತ್ತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಟಕ್.

ಹೆಂಡತಿ ಬಂದು ತೆಗೆಯುವವರೆಗೆ ಬಾಗಿಲ ಆಚೆಯಿಂದ ಚಪ್ಪಾಳೆ ಕೇಳುತ್ತಿತ್ತು.

ಚಿಲಕ ಇನ್ನೂ ಒಂದೂವರೆ ಅಡಿ ಮೇಲೆ ಹೋಗಬೇಕು. ಡ್ರಿಲ್ ಚಾರ್ಜಿಗೆ ಹಾಕಿದ್ದೇನೆ, ಅವಳು ಮಲಗಿದ ಮೇಲೆ.